ಕಾಲು ಹೋಯ್ತು, ಕೈ ಇತ್ತು

ಅಡಿಕೆ ಮರ ಹತ್ತಿದವರು ಜಾರಿ ಬೀಳುತ್ತಾರೆ. ನೀರು ಸೇದುವವರು ಕಾಲು ಜಾರಿ ಬಾವಿಯೊಳಗೆ ಬೀಳುತ್ತಾರೆ. ಮೇವು ತುಂಬಿದ ಗಾಡಿಯ ಮೇಲೆ ಕೂತವರು ಉರುಳುತ್ತಾರೆ. ಕೂಲಿ ಹೆಂಗಸರನ್ನು ಕುರಿಗಳ ಹಾಗೆ ತುಂಬಿಕೊಂಡ ಟೆಂಪೋ ತಿರುವಿನಲ್ಲಿ ಮಗುಚುತ್ತದೆ. ನಮ್ಮ ಊರುಗಳಲ್ಲಿ ಇವೆಲ್ಲ ನಡೆಯುತ್ತಲೇ ಇರುತ್ತವೆ.

ಕೈ ಮುರಿದರೆ ಕಟ್ಟು ಹಾಕುತ್ತಾರೆ. ಕೆಲವು ವಾರಗಳಲ್ಲಿ ಮೂಳೆ ಕೂಡುತ್ತದೆ. ಆದರೆ ಕೆಲವರು ಬಿದ್ದ ಜಾಗದಲ್ಲೇ ಮಲಗಿರುತ್ತಾರೆ. ಎಚ್ಚರ ಇರುತ್ತದೆ. ಮಾತೂ ಆಡುತ್ತಾರೆ. "ನನ್ನ ಕಾಲು ಎಲ್ಲಿ ಹೋಯ್ತು? ಕಾಲು ಇದೆ ಅಂತಾನೇ ಗೊತ್ತಾಗ್ತಿಲ್ಲ" ಅಂತಾರೆ. ಚಿವುಟಿದರೂ ಅವರಿಗೆ ತಿಳಿಯುವುದಿಲ್ಲ.

ಸುತ್ತ ನಿಂತವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಒಬ್ಬರು ಗಾಳಿ ಸೋಕಿದೆ ಅಂತಾರೆ. ಇನ್ನೊಬ್ಬರು ಯಾವ ಜನ್ಮದ ಪಾಪವೋ ಅಂತಾರೆ. ಪಾಪವೂ ಅಲ್ಲ, ಗಾಳಿಯೂ ಅಲ್ಲ. ಅದು ಬೆನ್ನುಹುರಿಗೆ ಬಿದ್ದ ಪೆಟ್ಟು.

ಈ ಪೆಟ್ಟು ತಿಂದು, ಎದ್ದು ಕೂತು, ನೂರಾರು ಜನರನ್ನು ಎಬ್ಬಿಸಿ ಕೂರಿಸಿದ ಒಬ್ಬ ಹೆಣ್ಣುಮಗಳು ನಮ್ಮ ಪಕ್ಕದ ನಾಡಿನಲ್ಲೇ ಇದ್ದರು. ಅವರ ಹೆಸರು ಡಾಕ್ಟರ್ ಮೇರಿ ವರ್ಗೀಸ್.

ಮೇರಿ ಯಾರು?

ಮೇರಿ ಹುಟ್ಟಿದ್ದು 1925ರಲ್ಲಿ, ಕೇರಳದ ಕೊಚ್ಚಿ ಸೀಮೆಯಲ್ಲಿ. ಅವರದು ಕ್ರೈಸ್ತ ಮನೆತನ. ಡಾಕ್ಟರ್ ಆಗಬೇಕು ಎಂದು ತಮಿಳುನಾಡಿನ ವೆಲ್ಲೂರಿಗೆ ಬಂದರು. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಸೇರಿದರು.

ಆ ಆಸ್ಪತ್ರೆಯ ಬಗ್ಗೆ ಒಂದು ಮಾತು ಹೇಳಬೇಕು. ಅದನ್ನು ಕಟ್ಟಿದವರೂ ಹೆಂಗಸೇ. ಹೆಸರು ಐಡಾ ಸ್ಕಡ್ಡರ್. 1900ರಲ್ಲಿ ಒಂದೇ ಒಂದು ಹಾಸಿಗೆ ಇಟ್ಟುಕೊಂಡು ಶುರು ಮಾಡಿದರು. 1918ರಲ್ಲಿ ಹೆಣ್ಣುಮಕ್ಕಳಿಗೆ ಅಂತಲೇ ಡಾಕ್ಟರಿ ಶಾಲೆ ತೆರೆದರು. ಆ ಕಾಲದಲ್ಲಿ ಹೆರಿಗೆ ಕಷ್ಟವಾದರೂ ಗಂಡಸು ಡಾಕ್ಟರು ಬೇಡ ಎಂದು ಮನೆಯವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಹೆಂಗಸರು ಸಾಯುತ್ತಿದ್ದರು. ಅದನ್ನು ಕಣ್ಣಾರೆ ಕಂಡೇ ಐಡಾ ಡಾಕ್ಟರ್ ಆದದ್ದು.

ಮೇರಿ ಓದು ಮುಗಿಸಿ ಅಲ್ಲೇ ಕೆಲಸಕ್ಕೆ ನಿಂತರು. ಹೆಂಗಸರ ಕಾಯಿಲೆ ನೋಡುವ ಡಾಕ್ಟರ್ ಆಗಬೇಕು ಎಂದು ಅವರ ಆಸೆ.

1954ರ ಜನವರಿ. ಮೇರಿ ಜೊತೆಯ ಯುವ ಡಾಕ್ಟರುಗಳೊಂದಿಗೆ ಒಂದು ದಿನದ ವಿಹಾರಕ್ಕೆ ಹೊರಟರು. ದಾರಿಯಲ್ಲಿ ವಾಹನ ಉರುಳಿ ಬಿತ್ತು. ಮೇರಿಗೆ ಮುಖಕ್ಕೆ ಪೆಟ್ಟಾಯಿತು. ಬೆನ್ನುಮೂಳೆಗೂ ಪೆಟ್ಟಾಯಿತು. ಮುಖದ ಗಾಯ ಮಾಯಿತು, ಕಲೆ ಉಳಿಯಿತು. ಬೆನ್ನಿನ ಪೆಟ್ಟು ಮಾಯಲಿಲ್ಲ. ಸೊಂಟದಿಂದ ಕೆಳಗೆ ಬಲ ಹೋಯಿತು, ಸ್ಪರ್ಶವೂ ಹೋಯಿತು. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಒಳಗೆ ಆದದ್ದೇನು?

ನಿಮ್ಮ ಬೆನ್ನಿನ ನಡುವೆ ಕೈಯಾಡಿಸಿ ನೋಡಿ. ಮಣಿ ಪೋಣಿಸಿದ ಹಾಗೆ ಮೂಳೆಗಳು ಸಿಗುತ್ತವೆ. ಮಣಿಗಳಿಗೆ ನಡುವೆ ತೂತು ಇರುತ್ತದಲ್ಲ, ಈ ಮೂಳೆಗಳಿಗೂ ಇದೆ. ಆ ತೂತಿನೊಳಗೆ ಮೆದುಳಿನಿಂದ ಒಂದು ಹುರಿ ಇಳಿದು ಬಂದಿದೆ. ಕಿರುಬೆರಳಿನಷ್ಟು ದಪ್ಪ. ಹೆಚ್ಚುಕಡಿಮೆ ಒಂದು ಮೊಳ ಉದ್ದ. ಇದೇ ಬೆನ್ನುಹುರಿ.

"ಕಾಲೆತ್ತು" ಎಂದು ಮೆದುಳು ಹೇಳುವ ಮಾತು ಈ ಹುರಿಯ ಮೂಲಕ ಕೆಳಗೆ ಇಳಿಯುತ್ತದೆ. "ಮುಳ್ಳು ಚುಚ್ಚಿತು" ಎಂದು ಕಾಲು ಹೇಳುವ ಮಾತು ಇದರ ಮೂಲಕವೇ ಮೇಲೆ ಹತ್ತುತ್ತದೆ. ಮೂತ್ರ ಬಂದಿದೆ ಎಂಬ ಸುದ್ದಿಯೂ ಹೀಗೇ ಹೋಗುತ್ತದೆ.

ಮೂಳೆ ಮುರಿದು ಒಳಗಿನ ಹುರಿ ಜಜ್ಜಿದರೆ ಸುದ್ದಿ ಅಲ್ಲಿಗೇ ನಿಲ್ಲುತ್ತದೆ. ತಂತಿ ಕಡಿದರೆ ಮುಂದಿನ ಮನೆಗೆ ಕರೆಂಟು ಹೋಗುವುದಿಲ್ಲ, ಹಾಗೆ. ಸೊಂಟದ ಹತ್ತಿರ ಪೆಟ್ಟಾದರೆ ಕಾಲು ಹೋಗುತ್ತದೆ, ಕೈ ಉಳಿಯುತ್ತದೆ. ಕುತ್ತಿಗೆಯಲ್ಲಿ ಪೆಟ್ಟಾದರೆ ಕೈಯೂ ಹೋಗಬಹುದು. ತೀರಾ ಮೇಲೆ ಆದರೆ ಉಸಿರಿಗೇ ತೊಂದರೆ.

ಮೂಳೆ ಕೂಡುತ್ತದೆ. ಆದರೆ ಪೂರ್ತಿ ಕಡಿದ ಹುರಿಯನ್ನು ಮೊದಲಿನಂತೆ ಕೂಡಿಸುವ ಔಷಧ ಇವತ್ತಿಗೂ ಇಲ್ಲ. ಎಣ್ಣೆ ತಿಕ್ಕಿದರೂ ಇಲ್ಲ, ಕಟ್ಟು ಹಾಕಿದರೂ ಇಲ್ಲ. ಹುರಿ ಅರ್ಧ ಉಳಿದಿದ್ದರೆ ಸ್ವಲ್ಪ ಬಲ ವಾಪಸು ಬರುವುದುಂಟು. ಎಷ್ಟು ಬರುತ್ತದೆ ಎಂಬುದು ಮೊದಲ ತಿಂಗಳುಗಳಲ್ಲಿ ಬಹುಮಟ್ಟಿಗೆ ತಿಳಿಯುತ್ತದೆ. "ಮೂರು ತಿಂಗಳಲ್ಲಿ ನಡೆಸಿಕೊಡ್ತೀನಿ, ಇಷ್ಟು ಸಾವಿರ ಕೊಡಿ" ಎನ್ನುವವರು ಎಲ್ಲ ಕಡೆ ಇದ್ದಾರೆ. ಇಂಥವರಿಗೆ ದುಡ್ಡು ಕೊಡಲು ಹಸು ಮಾರಿದವರಿದ್ದಾರೆ, ತಾಳಿ ಅಡವಿಟ್ಟವರಿದ್ದಾರೆ. ಆ ದುಡ್ಡಿಗೆ ಒಳ್ಳೆಯ ಗಾಲಿಕುರ್ಚಿ ಬರುತ್ತಿತ್ತು.

ಕೂತು ಮಾಡುವ ಕೆಲಸ

ಮತ್ತೆ ಮೇರಿಯ ಕಥೆಗೆ ಬರೋಣ. ತಿಂಗಳುಗಟ್ಟಲೆ ಅವರು ಹಾಸಿಗೆಯಲ್ಲಿ ಮಲಗಿದ್ದರು. ಅವರಿಗೆ ದೇವರಲ್ಲಿ ನಂಬಿಕೆ ಮೊದಲಿನಿಂದಲೂ ಇತ್ತು. ಮತ್ತೆ ನಡೆಯುವ ಹಾಗೆ ಮಾಡಪ್ಪಾ ಎಂದು ಬೇಡಿಕೊಂಡರು. ಕಾಲು ಬರಲಿಲ್ಲ.

ಅದೇ ಆಸ್ಪತ್ರೆಯಲ್ಲಿ ಪಾಲ್ ಬ್ರಾಂಡ್ ಎಂಬ ಡಾಕ್ಟರು ಇದ್ದರು. ತಂದೆ ತಾಯಿ ಇಂಗ್ಲೆಂಡಿನವರು, ಇವರು ಹುಟ್ಟಿದ್ದು ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ. ಕುಷ್ಠರೋಗಿಗಳ ಮುರುಟಿದ ಬೆರಳುಗಳನ್ನು ಆಪರೇಷನ್ ಮಾಡಿ ಬಿಡಿಸುವುದು ಅವರ ಕೆಲಸ. ಕುಷ್ಠದಲ್ಲಿ ಕೆಲವು ನರ ಸತ್ತು ಬೆರಳು ಮಡಚಿಕೊಳ್ಳುತ್ತದೆ. ಹಿಡಿಕೆ ಹಿಡಿಯಲು ಆಗುವುದಿಲ್ಲ, ತುತ್ತು ಕಲಸಲು ಆಗುವುದಿಲ್ಲ. ಕೈಯಲ್ಲಿ ಬಲವಿರುವ ಬೇರೆ ಒಂದು ಸ್ನಾಯುವಿನ ನಾರನ್ನು ತಂದು ಬೆರಳಿಗೆ ಜೋಡಿಸಿದರೆ ಬೆರಳು ಮತ್ತೆ ಕೆಲಸ ಮಾಡುತ್ತದೆ.

ಆ ಬ್ರಾಂಡ್ ಡಾಕ್ಟರು ಮೇರಿಗೆ ಹೇಳಿದ್ದು ಇಷ್ಟೇ. ಹೆರಿಗೆ ಮಾಡಿಸಲು ನಿಲ್ಲಬೇಕು, ಓಡಾಡಬೇಕು. ಕೈಯ ಆಪರೇಷನ್ ಕೂತೇ ಮಾಡಬಹುದು. ನಿನಗೆ ಕೈ ಇದೆ, ಕಣ್ಣು ಇದೆ, ಕಲಿತ ವಿದ್ಯೆ ಇದೆ.

ಮೇರಿ ಕಲಿತರು. ಗಾಲಿಕುರ್ಚಿಯಲ್ಲಿ ಕೂತು ಆಪರೇಷನ್ ಮಾಡಿದರು.

ಆ ರೋಗಿಗಳು ಯಾರು ನೋಡಿ. ಊರು ಹೊರಗೆ ಹಾಕಿದ ಜನ. ಅವರ ತಟ್ಟೆ ಲೋಟ ಬೇರೆ. ಅವರನ್ನು ಮುಟ್ಟುವವರಿಲ್ಲ. ಅವರ ಮುಂದೆ ಒಬ್ಬ ಡಾಕ್ಟರಮ್ಮ ಗಾಲಿಕುರ್ಚಿ ತಳ್ಳಿಕೊಂಡು ಬರುತ್ತಾರೆ. ಮುಖದಲ್ಲಿ ಕಲೆ. ಕಾಲಿನಲ್ಲಿ ಬಲವಿಲ್ಲ. ಅವರ ಕೈಯನ್ನು ತನ್ನ ಕೈಯಲ್ಲಿ ಹಿಡಿದು ನೋಡುತ್ತಾರೆ. ರೋಗಿಗಳಿಗೆ ನಡೆಯಲು ಕಾಲಾದರೂ ಇತ್ತು. ಡಾಕ್ಟರಮ್ಮನಿಗೆ ಅದೂ ಇಲ್ಲ. ಬ್ರಾಂಡ್ ಅವರು ಮುಂದೆ ಇದನ್ನು ಬರೆದಿಟ್ಟಿದ್ದಾರೆ. ಮೇರಿ ಎದುರಿಗೆ ಬಂದರೆ ರೋಗಿಗಳ ಮುಖವೇ ಬೇರೆಯಾಗುತ್ತಿತ್ತಂತೆ. ನೂರು ಸಲ "ಧೈರ್ಯ ತಗೋ" ಅಂತ ಹೇಳುವುದಕ್ಕಿಂತ ಇದು ಹೆಚ್ಚು ಎಂದು ನನಗೆ ಅನ್ನಿಸುತ್ತದೆ.

(ಕುಷ್ಠ ಈಗ ಗುಣವಾಗುವ ರೋಗ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ ಸಿಗುತ್ತದೆ. ಚರ್ಮದಲ್ಲಿ ಸ್ಪರ್ಶವಿಲ್ಲದ ಮಚ್ಚೆ ಕಂಡರೆ ತೋರಿಸಿ.)

ನಂತರ ಮೇರಿ ಆಸ್ಟ್ರೇಲಿಯಾದ ಪರ್ತ್ ನಗರಕ್ಕೆ ಹೋದರು. ಬೆನ್ನುಹುರಿ ಪೆಟ್ಟಾದವರು ತಮ್ಮ ಕೆಲಸ ತಾವೇ ಮಾಡಿಕೊಳ್ಳುವುದು ಹೇಗೆ ಎಂದು ಅಲ್ಲಿ ಕಲಿಸುತ್ತಿದ್ದರು. ಆಮೇಲೆ ಅಮೆರಿಕದ ನ್ಯೂಯಾರ್ಕಿಗೆ ಹೋದರು. ಅಲ್ಲಿ ಹೊವಾರ್ಡ್ ರಸ್ಕ್ ಎಂಬ ಡಾಕ್ಟರ ಸಂಸ್ಥೆಯಲ್ಲಿ ಪುನರ್ವಸತಿ ವೈದ್ಯ ಎಂಬ ಹೊಸ ವಿದ್ಯೆ ಕಲಿತರು. ಪುನರ್ವಸತಿ ಎಂದರೆ ಮತ್ತೆ ಬದುಕಿಗೆ ಹೂಡಿಸುವುದು. ಗಾಯ ಮಾಯಿಸಿ ಮನೆಗೆ ಕಳಿಸಿದರೆ ಸಾಲದು. ಮನೆಯಲ್ಲಿ ಆತ ಹೇಗೆ ಏಳಬೇಕು, ಹೇಗೆ ಸ್ನಾನ ಮಾಡಬೇಕು, ಏನು ದುಡಿಯಬೇಕು, ಅದನ್ನೂ ಕಲಿಸಿ ಕಳಿಸುವುದು.

1960ರ ದಶಕದ ಮೊದಲ ವರ್ಷಗಳಲ್ಲಿ ಮೇರಿ ವಾಪಸು ಬಂದು ವೆಲ್ಲೂರಿನಲ್ಲಿ ಈ ವಿಭಾಗದ ಮುಖ್ಯಸ್ಥರಾದರು. 1966ರಲ್ಲಿ ಇಂಥವರು ಉಳಿದುಕೊಂಡು ಕಲಿಯುವ ಪುನರ್ವಸತಿ ಕೇಂದ್ರ ಅಲ್ಲಿ ಶುರುವಾಯಿತು. ನಮ್ಮ ದೇಶದಲ್ಲಿ ಅಂಥದ್ದು ಅದೇ ಮೊದಲು. 1972ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. 1986ರಲ್ಲಿ ಅವರು ತೀರಿಕೊಂಡರು. ಅಪಘಾತವಾದ ಮೇಲೆ ಅವರು ಬದುಕಿದ್ದು ಮೂವತ್ತೆರಡು ವರ್ಷ. ಆ ಕೇಂದ್ರ ಈಗಲೂ ನಡೆಯುತ್ತಿದೆ. ನಮ್ಮ ಬೆಂಗಳೂರು, ಕೋಲಾರದ ಕಡೆಯಿಂದ ಚಿಕಿತ್ಸೆಗೆ ವೆಲ್ಲೂರಿಗೆ ಹೋಗುವವರು ಬಹಳ. ರೈಲಿನಲ್ಲಾದರೆ ಕಾಟ್ಪಾಡಿಯಲ್ಲಿ ಇಳಿಯಬೇಕು.

ಬಿದ್ದವರನ್ನು ಎತ್ತುವುದು ಹೇಗೆ?

ಇದನ್ನು ನಿಧಾನವಾಗಿ ಓದಿ. ಓದು ಬಾರದ ಪಕ್ಕದ ಮನೆಯವರಿಗೂ ಓದಿ ಹೇಳಿ. ಕೆಲವು ಸಲ ಬಿದ್ದಾಗ ಮೂಳೆ ಮಾತ್ರ ಮುರಿದಿರುತ್ತದೆ. ನಾವು ತಪ್ಪಾಗಿ ಎತ್ತಿದರೆ ಹುರಿಗೂ ಪೆಟ್ಟಾಗಬಹುದು.

ಒಬ್ಬರು ತೋಳು ಹಿಡಿದು, ಇನ್ನೊಬ್ಬರು ಕಾಲು ಹಿಡಿದು ತೂಗಾಡಿಸಿಕೊಂಡು ಎತ್ತಬಾರದು. ಹೆಗಲ ಮೇಲೆ ಹಾಕಿಕೊಳ್ಳಬಾರದು. ಆಟೋದಲ್ಲಿ ಮಡಚಿ ಕೂರಿಸಬಾರದು. "ಸ್ವಲ್ಪ ಎದ್ದು ಕೂತ್ಕೋ, ನೀರು ಕುಡಿ" ಅನ್ನಬಾರದು.

ಮೊದಲು 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಪುಕ್ಕಟೆ. ಅದು ಬರುವವರೆಗೆ ಬಿದ್ದವರು ಹೇಗಿದ್ದಾರೋ ಹಾಗೇ ಇರಲಿ. ಒಬ್ಬರು ತಲೆಯ ಹತ್ತಿರ ಕೂತು, ಎರಡೂ ಕೈಯಲ್ಲಿ ತಲೆ ಅಲುಗದಂತೆ ಹಿಡಿಯಿರಿ. ಸೀರೆ ಅಥವಾ ಟವೆಲ್ ಸುತ್ತಿ ಕುತ್ತಿಗೆಯ ಎರಡೂ ಪಕ್ಕ ಒತ್ತು ಕೊಡಿ. ಉಸಿರು ಇದೆಯೇ ನೋಡುತ್ತಿರಿ. ರಕ್ತ ಸುರಿಯುತ್ತಿದ್ದರೆ ಬಟ್ಟೆಯಿಂದ ಒತ್ತಿ ಹಿಡಿಯಿರಿ.

ಆಂಬುಲೆನ್ಸ್ ಬಾರದ ಜಾಗವಾದರೆ? ಕಾಡು, ತೋಟ, ಗುಡ್ಡದ ಮೇಲಾದರೆ? ಆಗ ಅಗಲವಾದ ಹಲಗೆ ತನ್ನಿ. ಹಳೆಯ ಬಾಗಿಲಾದರೂ ಆದೀತು. ನಾಲ್ಕೈದು ಜನ ಬೇಕು. ಒಬ್ಬರು ತಲೆಗೆ, ಉಳಿದವರು ಹೆಗಲಿಗೆ, ಸೊಂಟಕ್ಕೆ, ಕಾಲಿಗೆ. ಒಬ್ಬರು "ಒಂದು, ಎರಡು, ಮೂರು" ಎಣಿಸಿ. ಎಲ್ಲರೂ ಒಟ್ಟಿಗೆ, ಮರದ ದಿಮ್ಮಿ ಉರುಳಿಸಿದ ಹಾಗೆ, ಮೈ ತಿರುಚದೆ ಪಕ್ಕಕ್ಕೆ ಹೊರಳಿಸಿ. ಹಲಗೆಯನ್ನು ಬೆನ್ನಿಗೆ ಒತ್ತಿ ಇಡಿ. ಮತ್ತೆ ಒಟ್ಟಿಗೇ ಹಲಗೆಯ ಮೇಲೆ ತನ್ನಿ. ಬಟ್ಟೆಯಿಂದ ಹಲಗೆಗೆ ಕಟ್ಟಿ, ಹಲಗೆಯ ಸಮೇತ ಸಾಗಿಸಿ.

ರಸ್ತೆಯಲ್ಲಿ ಬಿದ್ದವರಿಗೆ ಸಹಾಯ ಮಾಡಿದರೆ ಪೊಲೀಸು, ಕೋರ್ಟು ಅಂತ ಸುತ್ತಾಡಬೇಕು ಎಂದು ಜನ ಹೆದರುತ್ತಾರೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆಯಿತು. ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಕೇಸು ಹಾಕುವಂತಿಲ್ಲ. ಹೆಸರು ಹೇಳು ಎಂದು ಬಲವಂತ ಮಾಡುವಂತಿಲ್ಲ.

ಎರಡು ಗಂಟೆಯ ಲೆಕ್ಕ

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನಿಜವಾದ ಕೆಲಸ ಶುರು. ಈ ಕೆಲಸ ಹೆಚ್ಚಾಗಿ ಬೀಳುವುದು ಹೆಂಗಸಿನ ಮೇಲೆ. ತಾಯಿ, ಹೆಂಡತಿ, ಸೊಸೆ, ಅಕ್ಕ.

ಈ ಪೆಟ್ಟಾದವರು ಮುಂಚೆ ಹೆಚ್ಚು ದಿನ ಬದುಕುತ್ತಿರಲಿಲ್ಲ. ಸಾಯುತ್ತಿದ್ದದ್ದು ಬೆನ್ನಿನ ಪೆಟ್ಟಿನಿಂದಲ್ಲ. ಮಲಗಿ ಮಲಗಿ ಆಗುವ ಹುಣ್ಣಿನಿಂದ, ಮೂತ್ರದ ಸೋಂಕಿನಿಂದ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಎಂಬಲ್ಲಿ ಲುಡ್ವಿಗ್ ಗಟ್ಮನ್ ಎಂಬ ಡಾಕ್ಟರು ಯುದ್ಧದಲ್ಲಿ ಪೆಟ್ಟಾದ ಸೈನಿಕರಿಗಾಗಿ ಒಂದು ವಾರ್ಡು ತೆರೆದರು. ಅವರು ಮಾಡಿಸಿದ ದೊಡ್ಡ ಕೆಲಸ ಯಾವುದು ಗೊತ್ತೇ? ಹಗಲೂ ರಾತ್ರಿ, ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸುವುದು. ಅದರಿಂದ ಹುಣ್ಣು ಕಡಿಮೆಯಾಯಿತು, ಸಾವು ಕಡಿಮೆಯಾಗಲೂ ಅದು ನೆರವಾಯಿತು.

ಹುಣ್ಣು ಯಾಕೆ ಆಗುತ್ತದೆ? ನಾವು ನಿದ್ದೆಯಲ್ಲೂ ಹೊರಳುತ್ತೇವೆ. ಒಂದೇ ಕಡೆ ಭಾರ ಬಿದ್ದರೆ ಅಲ್ಲಿ ನೋವಾಗುತ್ತದೆ, ಮೈ ತಾನಾಗಿ ಹೊರಳುತ್ತದೆ. ಸ್ಪರ್ಶ ಹೋದವರಿಗೆ ನೋವು ತಿಳಿಯುವುದಿಲ್ಲ. ಮೂಳೆ ಮತ್ತು ಹಾಸಿಗೆಯ ನಡುವೆ ಚರ್ಮ ಸಿಕ್ಕಿಕೊಳ್ಳುತ್ತದೆ. ರಕ್ತ ಹರಿಯುವುದಿಲ್ಲ. ರಕ್ತವಿಲ್ಲದ ಚರ್ಮ ಸಾಯುತ್ತದೆ. ಮೇಲೆ ನೋಡಿದರೆ ಕಾಸಿನಗಲ ಹುಣ್ಣು, ಒಳಗೆ ಮೂಳೆಯವರೆಗೂ ಕೊಳೆತಿರುತ್ತದೆ.

ಅದಕ್ಕೇ ಎರಡು ಗಂಟೆಯ ಲೆಕ್ಕ. ಎಡ ಮಗ್ಗುಲು, ಬೆನ್ನು, ಬಲ ಮಗ್ಗುಲು. ಮಂಡಿಗಳ ನಡುವೆ ದಿಂಬು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಾಲಿನ ಕೆಳಗೆ ದಿಂಬು. ಹಾಸಿದ ಬಟ್ಟೆ ಸುಕ್ಕಾಗಬಾರದು, ಒದ್ದೆ ಇರಬಾರದು. ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿ, ತಿರುಗಿಸಿದ ಹೊತ್ತು ಬರೆಯಿರಿ. ನಿಮಗೀಗ ಅಂಕಿ ಬರುತ್ತದಲ್ಲ! ಹತ್ತು ಗಂಟೆಗೆ ಅತ್ತೆ ತಿರುಗಿಸಿದರೆ ಹನ್ನೆರಡಕ್ಕೆ ಮಗಳು ತಿರುಗಿಸಲಿ. ಗಂಡಸರೂ ತಿರುಗಿಸಲಿ. ರಾತ್ರಿಯ ಪಾಳಿಯೆಲ್ಲ ಒಬ್ಬಳ ತಲೆಗೇ ಬಿದ್ದರೆ ಅವಳೂ ಹಾಸಿಗೆ ಹಿಡಿಯುತ್ತಾಳೆ.

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಚರ್ಮ ನೋಡಿ. ಕುಂಡೆಯ ಮೂಳೆ, ಸೊಂಟದ ಪಕ್ಕ, ಹಿಮ್ಮಡಿ, ಕಾಲಿನ ಗಂಟು. ಕೆಂಪಾಗಿದೆಯೇ? ನಮ್ಮ ಕಪ್ಪು ಮೈಯಲ್ಲಿ ಕೆಂಪು ಕಾಣದಿರಬಹುದು. ಬಣ್ಣ ಗಾಢವಾಗಿದೆಯೇ, ಮುಟ್ಟಿದರೆ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ನೋಡಿ. ಹಾಗಿದ್ದರೆ ಆ ಜಾಗದ ಮೇಲೆ ಭಾರ ಬೀಳಿಸಲೇಬೇಡಿ, ಮೊದಲಿನಂತೆ ಆಗುವವರೆಗೂ. ಅದನ್ನು ತಿಕ್ಕಬೇಡಿ. ಚರ್ಮ ಕಿತ್ತಿದ್ದರೆ ಅರಿಸಿನ, ಬೂದಿ ಹಾಕುತ್ತಾ ಕೂರದೆ ಡಾಕ್ಟರಿಗೆ ತೋರಿಸಿ.

ಗಾಲಿಕುರ್ಚಿಯಲ್ಲಿ ಕೂತವರು ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಕೈ ಊರಿ ಕುಂಡೆ ಎತ್ತಬೇಕು. ಕುರ್ಚಿಯ ಮೇಲೆ ಮೆತ್ತನೆಯ ದಿಂಬು ಬೇಕು. ಸ್ಪರ್ಶವಿಲ್ಲದ ಕಾಲನ್ನು ಒಲೆಯ ಹತ್ತಿರ ಇಡಬಾರದು. ತೊಡೆಯ ಮೇಲೆ ಬಿಸಿ ಕಾಫಿ ಲೋಟ, ಅನ್ನದ ತಪ್ಪಲೆ ಇಟ್ಟುಕೊಳ್ಳಬಾರದು. ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ.

ಮೂತ್ರದ ವಿಷಯ ಹೇಳಲು ನಾಚಿಕೆ ಪಡುತ್ತಾರೆ. ನಾಚಿಕೆಯಿಂದ ನೀರು ಕುಡಿಯುವುದನ್ನೇ ಬಿಡುತ್ತಾರೆ. ಆಗ ಸೋಂಕಾಗುತ್ತದೆ, ಕಲ್ಲಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ನಾಲ್ಕರಿಂದ ಆರು ಗಂಟೆಗೊಮ್ಮೆ ಸಣ್ಣ ನಳಿಕೆ ಹಾಕಿ ಮೂತ್ರ ತೆಗೆಯುವುದನ್ನು ಆಸ್ಪತ್ರೆಯಲ್ಲಿ ಕಲಿಸುತ್ತಾರೆ. ಕೈ ಸರಿಯಾಗಿದ್ದವರು ತಾವೇ ಮಾಡಿಕೊಳ್ಳಬಹುದು. ಸೋಪು ಹಾಕಿ ಕೈ ತೊಳೆಯುವುದು ಮುಖ್ಯ. ಜ್ವರ, ಚಳಿ, ಮೂತ್ರದಲ್ಲಿ ಕೆಟ್ಟ ವಾಸನೆ ಬಂದರೆ ಡಾಕ್ಟರ ಹತ್ತಿರ ಹೋಗಿ. ಹೊಟ್ಟೆ ಖಾಲಿಯಾಗಲು ದಿನವೂ ಒಂದೇ ಹೊತ್ತು ಇಟ್ಟುಕೊಳ್ಳಿ. ರಾಗಿ, ಸೊಪ್ಪು, ಹಣ್ಣು ತಿನ್ನಲಿ. ಕೈಕಾಲಿನ ಕೀಲುಗಳನ್ನು ದಿನವೂ ಮೆಲ್ಲಗೆ ಮಡಚಿ ಬಿಡಿಸಿ, ಇಲ್ಲದಿದ್ದರೆ ಸೆಟೆದುಕೊಳ್ಳುತ್ತವೆ.

ಮನೆಯ ಹೊಸ್ತಿಲೂ ಒಂದು ಗೋಡೆಯೇ. ಮೆಟ್ಟಿಲಿನ ಜಾಗದಲ್ಲಿ ಇಳಿಜಾರು ಮಾಡಿಸಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಅದಕ್ಕಿಂತ ಕಡಿದಾದರೆ ಕುರ್ಚಿ ಹಿಂದಕ್ಕೆ ಮಗುಚಬಹುದು.

ಹರಕೆ, ತಾಯಿತ, ದೇವರು

ಇಂಥ ಹೊತ್ತಿನಲ್ಲಿ ದೇವರನ್ನು ನೆನೆಯದವರು ಕಡಿಮೆ. ಧರ್ಮಸ್ಥಳಕ್ಕೆ ಮುಡಿಪು ಕಟ್ಟುತ್ತಾರೆ. ಸವದತ್ತಿ ಎಲ್ಲಮ್ಮನಿಗೆ ಹರಕೆ ಹೊರುತ್ತಾರೆ. ದರ್ಗಾಕ್ಕೆ ಚಾದರ ಕೊಡುತ್ತಾರೆ. ಚರ್ಚಿನಲ್ಲಿ ಮೇಣದಬತ್ತಿ ಹಚ್ಚುತ್ತಾರೆ. ಬೇಡ ಎಂದು ನಾನು ಹೇಳುವುದಿಲ್ಲ. ನಡುರಾತ್ರಿ ಎದ್ದು ಮಗನ ಮಗ್ಗುಲು ತಿರುಗಿಸುವ ತಾಯಿಗೆ ಒಂದು ಹೆಸರು ಬೇಕು, ಕರೆಯುವುದಕ್ಕೆ. ಆ ಹೆಸರು ಕಸಿದುಕೊಂಡರೆ ಅವಳಿಗೆ ಉಳಿಯುವುದೇನು?

ಆದರೆ ಒಂದು ಭೇದ ಇದೆ. "ದೇವರು ಎಬ್ಬಿಸ್ತಾನೆ, ಅಲ್ಲಿವರೆಗೂ ಮಲಗಿರು" ಅನ್ನುವ ನಂಬಿಕೆ ಒಂದು. ಇದರಲ್ಲಿ ದಿನ ಹೋಗುತ್ತದೆ, ಹುಣ್ಣು ಬೆಳೆಯುತ್ತದೆ. ಅಮಾವಾಸ್ಯೆ ಕಳೆಯಲಿ ಎಂದು ಆಸ್ಪತ್ರೆ ಬಿಟ್ಟು ಬಂದವರ ಪಾಡು ನೋಡಲಾಗದು. ಮೇರಿಯದು ಬೇರೆ ಥರದ ನಂಬಿಕೆ. ಕಾಲು ಕೊಡು ಎಂದು ಬೇಡಿದರು. ಕೊಡಲಿಲ್ಲ. ದೇವರ ಮೇಲೆ ಮುನಿಸಿಕೊಂಡು ಮಲಗಿಬಿಡಬಹುದಿತ್ತು. ಅವರು ಪ್ರಾರ್ಥನೆ ಬಿಡಲಿಲ್ಲ, ಆದರೆ ಬೇಡುವುದನ್ನು ಬದಲಿಸಿದರು. ಇರುವ ಕೈಯಿಂದ ಮಾಡುವ ಕೆಲಸ ಹುಡುಕಿದರು. ಅವರ ಜೀವನ ಕಥೆಯನ್ನು ಡೊರೊತಿ ಕ್ಲಾರ್ಕ್ ವಿಲ್ಸನ್ ಎಂಬ ಅಮೆರಿಕದ ಲೇಖಕಿ 1963ರಲ್ಲೇ ಪುಸ್ತಕ ಮಾಡಿದರು.

ಇದು ಒಂದೇ ದಿನದಲ್ಲಿ ಆಗುವುದಲ್ಲ. ಪೆಟ್ಟಾದವರು ಅಳುತ್ತಾರೆ. ಸಿಟ್ಟಾಗುತ್ತಾರೆ. ತಟ್ಟೆ ಎಸೆಯುತ್ತಾರೆ. "ನನ್ನನ್ನ ಸಾಯಿಸಿಬಿಡಿ" ಅಂತಾರೆ. ಅದು ಸೊಕ್ಕಲ್ಲ, ದುಃಖ. ಸಾಯುವ ಮಾತು ಬಂದರೆ ಒಂಟಿಯಾಗಿ ಬಿಡಬೇಡಿ. 14416 ಎಂಬ ನಂಬರಿಗೆ ಫೋನ್ ಮಾಡಿದರೆ ಹಗಲೂ ರಾತ್ರಿ ಮಾತಾಡುವವರು ಸಿಗುತ್ತಾರೆ. ಅದರ ಹೆಸರು ಟೆಲಿ ಮಾನಸ್. 2022ರಲ್ಲಿ ಶುರುವಾಯಿತು. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನೋಡಿಕೊಳ್ಳುವ ಹೆಂಗಸೂ ಮಾತಾಡಬಹುದು. ಅವಳ ಸಂಕಟ ಕೇಳುವವರು ಯಾರಿದ್ದಾರೆ?

ಬಿದ್ದವಳು ಹೆಣ್ಣಾದರೆ

ಗಂಡನಿಗೆ ಪೆಟ್ಟಾದರೆ ಹೆಂಡತಿ ಜೀವಮಾನ ಪೂರ್ತಿ ನೋಡಿಕೊಳ್ಳುತ್ತಾಳೆ. ಊರೂ ಅದನ್ನೇ ನಿರೀಕ್ಷಿಸುತ್ತದೆ. ಹೆಂಡತಿಗೆ ಪೆಟ್ಟಾದರೆ? ಎಷ್ಟೋ ಸಲ ಅವಳನ್ನು ತವರಿಗೆ ಬಿಟ್ಟು ಬರುತ್ತಾರೆ. "ಇವಳಿಂದ ಇನ್ನೇನು ಆಗುತ್ತೆ?" ಅಂತಾರೆ. ಇನ್ನೊಂದು ಮದುವೆಯ ಮಾತು ಶುರುವಾಗುತ್ತದೆ.

ಅವಳಿಂದ ಆಗುವುದು ಬಹಳ. ಕೂತು ಅಡುಗೆ ಮಾಡಬಹುದು, ಒಲೆ ತಗ್ಗಿನಲ್ಲಿದ್ದರೆ. ಹೊಲಿಗೆ ಯಂತ್ರವನ್ನು ಕೈಯಿಂದ ಅಥವಾ ಮೋಟಾರಿನಿಂದ ನಡೆಸಬಹುದು. ಅಂಗಡಿ ಇಡಬಹುದು. ಸಂಘದ ಲೆಕ್ಕ ಬರೆಯಬಹುದು. ಮಕ್ಕಳನ್ನು ಹೆರಬಹುದು ಕೂಡ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಬೆನ್ನುಹುರಿಗೆ ಪೆಟ್ಟಾದ ಮೇಲೆ ಕೆಲವು ತಿಂಗಳು ಮುಟ್ಟು ನಿಲ್ಲಬಹುದು, ಆಮೇಲೆ ಸಾಮಾನ್ಯವಾಗಿ ಮತ್ತೆ ಬರುತ್ತದೆ. ಬಸಿರೂ ಆಗಬಹುದು. ಹೆರಿಗೆ ನೋವು ಗೊತ್ತಾಗದೆ ಇರಬಹುದು, ಅದಕ್ಕೆ ಮೊದಲಿನಿಂದಲೂ ದೊಡ್ಡ ಆಸ್ಪತ್ರೆಯಲ್ಲೇ ತೋರಿಸಿ, ಅಲ್ಲೇ ಹೆರಿಗೆ ಮಾಡಿಸಬೇಕು. ಮಗು ಬೇಡ ಎಂದಿದ್ದರೆ ಅದಕ್ಕೂ ಡಾಕ್ಟರ ಸಲಹೆ ಕೇಳಬೇಕು. ಕಾಲು ಹೋಯ್ತು ಎಂದರೆ ಹೆಣ್ತನ ಹೋಯ್ತು ಎಂದಲ್ಲ.

ಕಾಗದ ಪತ್ರ

1995ರಲ್ಲಿ ಅಂಗವಿಕಲರಿಗಾಗಿ ಒಂದು ಕಾಯ್ದೆ ಬಂತು. ಅದರ ಜಾಗದಲ್ಲಿ 2016ರಲ್ಲಿ ಇನ್ನೂ ದೊಡ್ಡ ಕಾಯ್ದೆ ಬಂತು. ಅದರಲ್ಲಿ 21 ಬಗೆಯ ಅಂಗವೈಕಲ್ಯ ಸೇರಿವೆ. ಸರ್ಕಾರಿ ಕೆಲಸದಲ್ಲಿ ನೂರಕ್ಕೆ 4 ಮೀಸಲು. ಬಡತನ ನಿವಾರಣೆಯ ಯೋಜನೆಗಳಲ್ಲಿ ನೂರಕ್ಕೆ 5 ಮೀಸಲು, ಅದರಲ್ಲೂ ಹೆಂಗಸರಿಗೆ ಆದ್ಯತೆ. ಇದು ಯಾರೋ ಕೊಡುವ ಭಿಕ್ಷೆಯಲ್ಲ, ಕಾನೂನು.

ಇದಕ್ಕೆಲ್ಲ ಮೊದಲು ಬೇಕಾದದ್ದು ಅಂಗವಿಕಲತೆಯ ಸರ್ಟಿಫಿಕೇಟು. ಅದನ್ನು ಕೊಡುವುದು ಸರ್ಕಾರಿ ಆಸ್ಪತ್ರೆಯ ಡಾಕ್ಟರುಗಳು. ವೈಕಲ್ಯ ನೂರಕ್ಕೆ ಎಷ್ಟು ಎಂದು ಅದರಲ್ಲಿ ಬರೆಯುತ್ತಾರೆ. 40 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಹೆಚ್ಚಿನ ಸೌಲಭ್ಯಗಳಿಗೆ ಅರ್ಜಿ ಹಾಕಬಹುದು. ಅದರ ಜೊತೆಗೆ ಇಡೀ ದೇಶಕ್ಕೆ ನಡೆಯುವ ಒಂದು ಗುರುತಿನ ಕಾರ್ಡು ಸಿಗುತ್ತದೆ, ಯು.ಡಿ.ಐ.ಡಿ. ಕಾರ್ಡು. ಮಾಸಾಶನದ ಅರ್ಜಿ ಕೊಡುವುದು ನಾಡಕಚೇರಿಯಲ್ಲಿ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗೆ ಒಬ್ಬರಂತೆ ಪುನರ್ವಸತಿ ಕಾರ್ಯಕರ್ತರನ್ನು ಇಟ್ಟಿದ್ದಾರೆ. ಅಂಗವಿಕಲರನ್ನೇ ಆ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ಪಂಚಾಯಿತಿಗೆ ಹೋಗಿ ಅವರು ಯಾರು ಎಂದು ಕೇಳಿ. ಗಾಲಿಕುರ್ಚಿಗೆ, ಕ್ಯಾಲಿಪರಿಗೆ ಶಿಬಿರ ಯಾವಾಗ ನಡೆಯುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಕುರ್ಚಿ ತೆಗೆದುಕೊಳ್ಳುವಾಗ ಕೂರಿಸಿ ನೋಡಿ. ಅಳತೆ ಮೀರಿದ ಕುರ್ಚಿಯಲ್ಲಿ ಮೈ ಒಂದು ಕಡೆ ವಾಲುತ್ತದೆ, ಅಲ್ಲೇ ಹುಣ್ಣಾಗುತ್ತದೆ.

ನಾಡಕಚೇರಿಗೆ ಹೋಗುವಾಗ ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್, ಸರ್ಟಿಫಿಕೇಟು, ಫೋಟೋ ಇವನ್ನು ಒಂದು ಚೀಲದಲ್ಲಿ ಇಟ್ಟುಕೊಳ್ಳಿ. ಮೂಲ ಪತ್ರ ಯಾರ ಕೈಗೂ ಕೊಟ್ಟು ಬರಬೇಡಿ, ಜೆರಾಕ್ಸ್ ಕೊಡಿ. ಅರ್ಜಿಯಲ್ಲಿ ಹೆಸರು, ಊರು, ಪಾಸ್‌ಬುಕ್ ನಂಬರು ಸರಿಯಾಗಿದೆಯೇ ಎಂದು ನೀವೇ ಓದಿ ನೋಡಿ. ಒಂದು ಅಂಕಿ ತಪ್ಪಿದರೂ ದುಡ್ಡು ಬರುವುದಿಲ್ಲ. ಅರ್ಜಿ ಕೊಟ್ಟ ಮೇಲೆ ಚೀಟಿ ಕೇಳಿ. ಅದರಲ್ಲಿ ಒಂದು ನಂಬರು ಇರುತ್ತದೆ, ತಾರೀಖು ಇರುತ್ತದೆ. ಮುಂದಿನ ಸಲ ಹೋದಾಗ "ನನ್ನ ಅರ್ಜಿ ಏನಾಯ್ತು ಸ್ವಾಮಿ?" ಎಂದು ಕೇಳಲು ಆ ನಂಬರು ಬೇಕು. ಆ ಚೀಟಿಯನ್ನು ಪಾಸ್‌ಬುಕ್ಕಿನ ಒಳಗೆ ಇಡಿ.